ಎರಡು ಗಿಡ್ಡ, ಒಂದು ಉದ್ದ

"ಪಟ್ಟೀಲಿ ನಿಮ್ಮ ಹೆಸರಿಲ್ಲ," ಎಂದಳು ಗಾಜಿನ ಹಿಂದೆ ಕೂತ ಹೆಂಗಸು. ಬಾಯಿ ಅಲ್ಲಾಡಿದ್ದು ಮೊದಲು ಕಂಡಿತು, ಮಾತು ಆಮೇಲೆ ಕೆಳಗಿನ ತೂತುಗಳಿಂದ ಬಂತು.

"ಇನ್ನೊಂದ್ಸಲ ನೋಡಮ್ಮ. ಪೆಟಿಗ್ರೂ. ಅಮೋಸ್ ಪೆಟಿಗ್ರೂ. ಒಳಗಿರೋಳು ಟವಾನಾ ಪೆಟಿಗ್ರೂ, ನನ್ನ ಮಗಳು."

"ನೋಡ್ದೆ ಸಾರ್. ಅವರು ಯಾರ ಹೆಸರನ್ನೂ ಬರೆದಿಲ್ಲ. ಒಳಗಿದ್ದೋರು ಬರೆದುಕೊಟ್ಟ ಹೆಸರಿನೋರಿಗಷ್ಟೇ ಭೇಟಿ."

"ನಾನು ಬಂದಿದ್ದೆ ಅಂತಾದ್ರೂ ಅವಳಿಗೆ ಹೇಳ್ತೀಯಾ?"

"ನಾವು ಯಾರ ಮಾತನ್ನೂ ಒಳಕ್ಕೆ ಮುಟ್ಟಿಸಲ್ಲ ಸಾರ್. ಮುಂದಿನೋರು ಬನ್ನಿ."

ಅಮೋಸ್ ಟೋಪಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಪಕ್ಕಕ್ಕೆ ಸರಿದ. ಅರವತ್ತೊಂದು ವರ್ಷದ, ಎತ್ತರದ ಆಳು. ಇಪ್ಪತ್ತೆರಡು ವರ್ಷ ಶಾಲೆಯ ಹಳದಿ ಬಸ್ಸಿನ ಸ್ಟಿಯರಿಂಗ್ ಹಿಡಿದು ಭುಜ ಸ್ವಲ್ಪ ಮುಂದಕ್ಕೆ ಬಾಗಿತ್ತು. ಬೆಳಗಿನ ಮಕ್ಕಳನ್ನು ಇಳಿಸಿ, ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ, ಅಂಗಿಯನ್ನೂ ಬದಲಿಸದೆ ನೇರವಾಗಿ ಇಲ್ಲಿಗೆ ಬಂದಿದ್ದ. ಸುದ್ದಿ ಗೊತ್ತಾಗಿ ಎರಡು ಗಂಟೆಯೂ ಆಗಿರಲಿಲ್ಲ. ಡಿಪೋದ ವರ್ನಾಗೆ ಬೆಳಗಿನ ಕಾಫಿಯ ಜೊತೆ ಕೌಂಟಿ ಜೈಲಿಗೆ ಹೊಸದಾಗಿ ಬಂದವರ ಫೋಟೋಗಳನ್ನು ಫೋನಿನಲ್ಲಿ ನೋಡುವ ಚಟ. ಈ ಊರಲ್ಲಿ ಯಾರಿಗಿಲ್ಲ ಹೇಳಿ! "ಅಯ್ಯೋ, ಇವನು ನಮ್ಮ ಚರ್ಚಿನೋನಲ್ವಾ", "ಇವಳು ಮತ್ತೆ ಬಂದ್ಲಾ" ಅಂತ ಓದಿ ಹೇಳುವುದು, ಎಲ್ಲರೂ ನಗುವುದು ಸೋಮವಾರದ ವಾಡಿಕೆ. ಈ ಸೋಮವಾರ ವರ್ನಾ ಓದುತ್ತಾ ಓದುತ್ತಾ ಸುಮ್ಮನಾದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ಅಮೋಸಣ್ಣ, ಸ್ವಲ್ಪ ಹೊರಗೆ ಬಾ," ಅಂದಳು.

ಫೋಟೋದಲ್ಲಿ ಟವಾನಾಳ ಕೂದಲು ಕೆದರಿತ್ತು. ಲೈಸೆನ್ಸ್ ರದ್ದಾದ ಮೇಲೂ ಗಾಡಿ ಓಡಿಸಿದ್ದಳಂತೆ, ಕೋರ್ಟಿನ ತಾರೀಖಿಗೆ ಹೋಗಿರಲಿಲ್ಲವಂತೆ. ಗುರುವಾರ ಮಧ್ಯಾಹ್ನ ಹಿಡಿದಿದ್ದರು. ಜಡ್ಜ್ ಬರುವುದು ಇನ್ನು ಎರಡು ವಾರದ ಮೇಲೆ, ಅಲ್ಲಿಯವರೆಗೆ ಜಾಮೀನಿನ ಮಾತಿಲ್ಲ. ಇಷ್ಟೇ ಸಂಗತಿ. ಆದರೆ ಅಮೋಸ್‌ನನ್ನು ಬಿಡದೆ ಕಾಡಿದ್ದು ಸಂಗತಿಯಲ್ಲ, ಆ ಕೂದಲು. ಎಂಟು ತಿಂಗಳ ಹಿಂದೆ, ಅವಳು ಕಟ್ಟಿಕೊಂಡಿದ್ದ ಆ ಗಂಡಸಿನ ವಿಷಯಕ್ಕೆ, "ಅವನನ್ನ ಬಿಟ್ಟು ಬರೋ ಹಾಗಿದ್ರೆ ಬಾ, ಇಲ್ದಿದ್ರೆ ಈ ಕಡೆ ತಲೆ ಹಾಕಬೇಡ," ಎಂದು ಅಂಗಳದಲ್ಲಿ ನಿಂತು ಕೂಗಿದ್ದ. ಅವಳು ತಲೆ ಹಾಕಿರಲಿಲ್ಲ.

ಕಾಯುವ ಕೋಣೆಯ ಬೆಂಚಿನ ಮೇಲೆ ಅಗಲವಾದ ಒಬ್ಬ ಹೆಂಗಸು ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ತಿನ್ನಬಾರದು ಎಂಬ ಬೋರ್ಡು ಅವಳ ತಲೆಯ ಮೇಲೆಯೇ ಇತ್ತು.

"ಮೊದಲ ಸಲಾನಾ?" ಎಂದು ಕೇಳಿದಳು. "ಟೋಪಿ ಹಿಡ್ಕೊಂಡಿರೋದ್ರಲ್ಲೇ ಗೊತ್ತಾಗುತ್ತೆ. ಕೂತ್ಕೊಳ್ಳಿ ಬ್ರದರ್. ನಾನು ಅರ್ಲೀನ್. ನನ್ನ ಮಗ ಒಳಗೆ, ಹನ್ನೊಂದು ತಿಂಗಳು. ಈ ಬೆಂಚಿಗೆ ನನ್ನ ಹೆಸರೇ ಇಡಬೇಕು."

ಅಮೋಸ್ ಕೂತ. "ಯಾರ ಹೆಸರನ್ನೂ ಬರೆದಿಲ್ವಂತೆ."

"ಬರೀತಾರೆ. ಪಟ್ಟಿ ಬದಲಾಯಿಸೋದು ತಿಂಗಳ ಕೊನೇಲಿ. ಅಲ್ಲೀವರೆಗೆ ಫೋನಲ್ಲಿ ಮಾತಾಡಿ. ಫೋನ್ ಮಾಡ್ತಿದಾಳೆ ತಾನೆ?"

"ಇಲ್ಲ ಅಕ್ಕ. ಒಂದೂ ಇಲ್ಲ. ಇಲ್ಲಿನ ನಂಬರಾದ್ರೂ ಕೊಡಿ, ನಾನೇ ಮಾಡ್ತೀನಿ."

"ಅಯ್ಯೋ ದೇವರೇ. ಜೈಲಿಗೆ ನಾವು ಫೋನ್ ಮಾಡೋ ಹಾಗಿಲ್ಲ, ಅವರೇ ಮಾಡ್ಬೇಕು. ಬಂದಾಗ ಎತ್ತಬೇಕು, ಅಷ್ಟೇ ನಮ್ಮ ಕೈಲಿರೋದು." ಅರ್ಲೀನ್ ಕೈ ಒರೆಸಿಕೊಂಡಳು. "ಒಂದೂ ಬಂದಿಲ್ಲ ಅಂದ್ರೆ? ಹೆಂಗಸರ ಕಡೆ ಎರಡು ಫೋನಿದೆ, ಸಂಜೆ ಎಲ್ಲರೂ ಸಾಲು ನಿಂತಿರ್ತಾರೆ. ನಾವು ಫೋನ್ ಎತ್ತಿದ್ರೆ ಮೊದಲು ಒಬ್ಬಳು ಮಾತಾಡ್ತಾಳೆ ನೋಡಿ, ಮೆಷಿನ್ ಹೆಂಗಸು. 'ಹಲೋ, ಇದೊಂದು ಉಚಿತ ಕರೆ' ಅಂತ ರಾಗವಾಗಿ..."

ಅಮೋಸ್‌ನ ಕೈಯಲ್ಲಿದ್ದ ಟೋಪಿ ಬಗ್ಗಿತು.

ಉಚಿತ ಎಂದರೆ ಕತ್ತರಿಸು. ಇದು ಡಿಪೋದ ಕಾನೂನು. ದಿನಕ್ಕೆ ಹತ್ತು ಮಾರಾಟದ ಕರೆ ಬರುತ್ತವೆ: ನಿಮ್ಮ ಕಾರಿನ ವಾರಂಟಿ ಮುಗಿಯಿತು, ನಿಮ್ಮ ಸೊಂಟಕ್ಕೆ ಉಚಿತ ಪಟ್ಟಿ, ನಿಮಗೆ ಉಚಿತ ಹಡಗಿನ ಪ್ರವಾಸ. ಯಾರು ಎಷ್ಟು ಬೇಗ ಕತ್ತರಿಸುತ್ತಾರೆ ಎಂದು ಊಟದ ಹೊತ್ತಿನಲ್ಲಿ ಪಂದ್ಯವೇ ನಡೆಯುತ್ತಿತ್ತು. ಅಮೋಸ್ ಎರಡನೆಯ ಮಾತಿಗೇ ಕತ್ತರಿಸುವವನು, ಅದರಲ್ಲಿ ಅವನನ್ನು ಮೀರಿಸಿದವರಿಲ್ಲ. ಶುಕ್ರವಾರ ಇದೇ ರಾಗದ ಹೆಂಗಸನ್ನು ಕತ್ತರಿಸಿ, "ಇವತ್ತು ಮೂರನೇ ಸಲ, ಬಿಡ್ತಾನೇ ಇಲ್ಲ ಇವಳು," ಎಂದು ನಕ್ಕಿದ್ದ.

ಫೋನು ತೆಗೆದು ನೋಡಿದ. ಒಂದೇ ನಂಬರು, ಒಂಬತ್ತು ಸಲ. ಗುರುವಾರ ಸಂಜೆ ಮೊದಲನೆಯದು. ಕೊನೆಯದು ಭಾನುವಾರ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ. ಆಮೇಲೆ ಇಲ್ಲ.

ಅರ್ಲೀನ್ ಬಗ್ಗಿ ನೋಡಿದಳು. ನಗಲಿಲ್ಲ. "ನೀವೇ ಕಟ್ ಮಾಡಿದ್ರಾ?"

"ನಾನೇ."

"ಅವಳಿಗೆ ಆ ಕಡೆಯಿಂದ ಕೇಳೋದು ಒಂದೇ ಮಾತು ಬ್ರದರ್. 'ಅವರು ನಿಮ್ಮ ಕರೆಯನ್ನು ತಿರಸ್ಕರಿಸಿದ್ದಾರೆ.'"

ಅಂಗಳದಲ್ಲಿ ನಿಂತು ಒಂದು ಸಲ ಹೇಳಿದ್ದನ್ನು ಅಮೋಸ್ ಫೋನಿನಲ್ಲಿ ಒಂಬತ್ತು ಸಲ ಹೇಳಿದ್ದ.

"ನಿಮ್ಮ ಮಗನ ಕೈಲಿ ಒಂದು ಮಾತು ಹೇಳಿಸೋಕಾಗುತ್ತಾ?"

"ಅವನು ಗಂಡಸರ ಕಡೆ. ಆ ಗೋಡೆ ದಾಟಿ ಸೊಳ್ಳೇನೂ ಹೋಗಲ್ಲ. ಕಾರ್ಡ್ ಬರೀರಿ. ಬಿಳೀ ಕಾರ್ಡೇ ಆಗ್ಬೇಕು, ನೀಲಿ ಶಾಯೀಲೇ ಬರೀಬೇಕು. ನಾನೊಂದ್ಸಲ ಮೂಲೇಲಿ ಹೂವು ಬಿಡಿಸಿದ್ದಕ್ಕೆ ವಾಪಸ್ ಕಳಿಸಿದ್ರು, ಹೂವಲ್ಲೇನು ಬಾಂಬಿತ್ತೋ." ಅವಳು ಕಡಲೆಕಾಯಿಯ ಪೊಟ್ಟಣವನ್ನು ಅವನ ಕಡೆ ಚಾಚಿದಳು. "ತಗೊಳ್ಳಿ. ಹೊಟ್ಟೇಲಿ ಏನಾದ್ರೂ ಇರ್ಲಿ."

ಕಾರ್ಡನ್ನು ಅಮೋಸ್ ಅಂಚೆ ಕಚೇರಿಯ ಕಟ್ಟೆಯ ಮೇಲೆಯೇ ನಿಂತು ಬರೆದ. ಏನೇನೋ ಬರೆಯಬೇಕೆಂದಿದ್ದವನು, "ಫೋನ್ ಮಾಡು. ಎತ್ತುತ್ತೇನೆ. ಅಪ್ಪ," ಎಂದಷ್ಟೇ ಬರೆದ. ಜೈಲಿನ ಕಾಗದಗಳೆಲ್ಲ ಮೊದಲು ಬೇರೆ ರಾಜ್ಯದ ಯಾವುದೋ ಕಚೇರಿಗೆ ಹೋಗಿ, ಅಲ್ಲಿ ಅವುಗಳ ಚಿತ್ರ ತೆಗೆದು, ಆ ಚಿತ್ರ ಮಾತ್ರ ಇಲ್ಲಿಗೆ ಬರುತ್ತದಂತೆ. ಹತ್ತು ದಿನ ಎಂದ ಅಂಚೆಯವನು. ಜೈಲು ಕಿಟಕಿಯಿಂದಲೇ ಕಾಣುತ್ತಿತ್ತು.

ಮಂಗಳವಾರ ಫೋನು ಜೇಬಿನಲ್ಲಿ ಸುಮ್ಮನಿತ್ತು. ಮಧ್ಯಾಹ್ನ ಒಮ್ಮೆ ಗುಂಯ್ ಅಂದಾಗ ಅಮೋಸ್ ಕಾಫಿ ಚೆಲ್ಲಿಕೊಂಡು ಎತ್ತಿದ. "ನಿಮ್ಮ ಕಾರಿನ ವಾರಂಟಿ," ಎಂದಳು ಯಾವಳೋ. ಅವಳ ಮಾತನ್ನು ಕೊನೆಯವರೆಗೂ ಕೇಳಿದ. ಅವಳು ಮುಗಿಸಿದ ಮೇಲೆ "ಥ್ಯಾಂಕ್ಸ್ ಅಮ್ಮ," ಎಂದು ಇಟ್ಟ. ಡಿಪೋದಲ್ಲಿ ಯಾರೂ ನಗಲಿಲ್ಲ. ವರ್ನಾ ಬಟ್ಟೆ ತಂದು ಮೇಜು ಒರೆಸಿದಳು.

ಸಂಜೆ ಅವನು ತನ್ನ ಹಳೆಯ ಟ್ರಕ್ಕಿನಲ್ಲಿ ಜೈಲಿನ ಹಿಂಭಾಗಕ್ಕೆ ಹೋದ. ಅಲ್ಲಿ ಬೀಜ ಗೊಬ್ಬರದ ಅಂಗಡಿಯ ಮುಂದೆ ಬಯಲಿದೆ; ಜನ ಅಲ್ಲಿ ನಿಂತು ಮೇಲಕ್ಕೆ ಕೈ ಬೀಸುತ್ತಾರೆ ಎಂದು ಅರ್ಲೀನ್ ಹೇಳಿದ್ದಳು. ಮೂರನೆಯ ಮಹಡಿ ಹೆಂಗಸರದು. ಕಿಟಕಿಗಳು ಒಂದೊಂದೂ ಅಂಗೈ ಅಗಲ, ಗಾಜಿಗೆ ಬಿಳಿ ಬಳಿದಿದ್ದರು. ಅವನು ಟೋಪಿ ಬೀಸಿದ. ಯಾವ ಕಿಟಕಿ ಎಂದು ಗೊತ್ತಿಲ್ಲದೆ ಎಲ್ಲ ಕಿಟಕಿಗೂ ಬೀಸಿದ. ಒಂದು ಗಾಜಿನ ಹಿಂದೆ ನೆರಳಿನಂಥದೇನೋ ಸರಿದ ಹಾಗಾಯಿತು. ಮೋಡವಿದ್ದರೂ ಇರಬಹುದು.

ಮನೆಗೆ ಬಂದು ಒಲೆ ಹಚ್ಚುವಾಗ ಹಳೆಯದೊಂದು ನೆನಪಾಯಿತು. ಹೆಂಡತಿ ತೀರಿಕೊಂಡಾಗ ಟವಾನಾಗೆ ಒಂಬತ್ತು ವರ್ಷ. ಅಮೋಸ್ ನಸುಕಿನಲ್ಲೇ ಬಸ್ಸು ಹೊರಡಿಸಿ, ಹಳ್ಳಿಗಳ ಮಕ್ಕಳನ್ನೆಲ್ಲ ಹತ್ತಿಸಿಕೊಂಡು, ಏಳಕ್ಕೆ ಹತ್ತು ನಿಮಿಷವಿರುವಾಗ ತನ್ನದೇ ಮನೆಯ ಮುಂದೆ ಬರುತ್ತಿದ್ದ. ಅವಳು ಒಬ್ಬಳೇ ಎದ್ದು, ಒಲೆಯ ಮೇಲಿನ ಗಂಜಿ ತಿಂದು ಸಿದ್ಧವಾಗಬೇಕು. ಎಂದೂ ಆಗುತ್ತಿರಲಿಲ್ಲ. ಸೇತುವೆಯ ಹತ್ತಿರ ಬಂದಾಗಲೇ ಅವನು ಹಾರನ್ ಹೊಡೆಯುತ್ತಿದ್ದ: ಎರಡು ಗಿಡ್ಡ, ಒಂದು ಉದ್ದ. ಒಲೆ ಆರಿಸು, ತಲೆ ಬಾಚು, ಓಡಿ ಬಾ. ಬಸ್ಸಿನ ಬಾಗಿಲು ತೆರೆದರೆ ಅವಳು ಮೆಟ್ಟಿಲ ಮೇಲೆ, ಬಾಚಣಿಗೆ ಇನ್ನೂ ಕೂದಲಲ್ಲೇ ಸಿಕ್ಕಿಕೊಂಡಿರುತ್ತಿತ್ತು.

ಬುಧವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಯಲ್ಲಿ ಇಳಿಸಿದ ಮೇಲೆ ಅಮೋಸ್ ಬಲಕ್ಕೆ, ಡಿಪೋದ ಕಡೆ ತಿರುಗಬೇಕಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಬಸ್ಸನ್ನು ಒಂದು ಸಲವೂ ದಾರಿ ತಪ್ಪಿಸಿರಲಿಲ್ಲ. ಎಡಕ್ಕೆ ತಿರುಗಿಸಿದ. ಗೊಬ್ಬರದ ಅಂಗಡಿಯ ಬಯಲಿನಲ್ಲಿ, ಮೂಟೆ ಹೇರುತ್ತಿದ್ದವರ ನಡುವೆ, ನಲವತ್ತಡಿಯ ಹಳದಿ ಬಸ್ಸನ್ನು ತಂದು ನಿಲ್ಲಿಸಿದ. ಹಾರನ್ ಮೇಲೆ ಅಂಗೈ ಇಟ್ಟ.

ಎರಡು ಗಿಡ್ಡ, ಒಂದು ಉದ್ದ.

ಅಂಗಡಿಯ ಮಾಡಿನಿಂದ ಪಾರಿವಾಳಗಳು ಎದ್ದವು. ಅವನು ಕಾದು ಮತ್ತೆ ಹೊಡೆದ. ಮೂರನೆಯ ಸಲಕ್ಕೆ ಜೈಲಿನ ಹಿಂಬಾಗಿಲು ತೆರೆದು, ಜೈಲು ಕಾಯುವ, ಖಾಕಿ ತೊಟ್ಟ ಯುವ ಡೆಪ್ಯುಟಿಯೊಬ್ಬ ಬಂದು ಬಸ್ಸಿನ ಕಿಟಕಿಯ ಕೆಳಗೆ ನಿಂತ.

"ಏನಿದು ಸಾರ್, ಇಲ್ಯಾವ ಮಕ್ಕಳಿದಾರೆ?"

"ಹಾರನ್ ಪರೀಕ್ಷೆ ಕಣಪ್ಪ. ದಿನಾ ಮಾಡ್ಬೇಕು, ಕಾನೂನು."

ಡೆಪ್ಯುಟಿ ಅವನ ಮುಖ ನೋಡಿದ. "ಪೆಟಿಗ್ರೂ ಸಾರ್ ಅಲ್ವಾ? ನಿಮ್ಮ ಬಸ್ಸಲ್ಲೇ ಓಡಾಡಿದೋನು ನಾನು. ಹಿಂದಿನ ಸೀಟು ಕುಯ್ದೆ ಅಂತ ಒಂದು ವಾರ ನಿಮ್ಮ ಬೆನ್ನ ಹಿಂದೇನೇ ಕೂರಿಸಿದ್ರಿ."

"ಕುಯ್ದಿದ್ದೆ ತಾನೆ?"

"ಕುಯ್ದಿದ್ದೆ." ಅವನು ಮೂರನೆಯ ಮಹಡಿಯ ಕಡೆ ಕತ್ತೆತ್ತಿದ. ಬಹುಶಃ ಒಳಗಿದ್ದವಳ ಹೆಸರು ನೆನಪಾಯಿತು. ಆಮೇಲೆ ತನ್ನ ಬೂಟುಗಳನ್ನು ನೋಡಿಕೊಂಡ. "ಹಾರನ್ ಸರಿಯಾಗಿದ್ಯಾ?"

"ಇನ್ನೊಂದ್ಸಲ ನೋಡಿದ್ರೆ ಗೊತ್ತಾಗುತ್ತೆ."

"ನೋಡಿ. ಆಮೇಲೆ ಹೊರಟುಬಿಡಿ. ಒಳಗಿರೋ ಸಾಹೇಬ್ರು ನಿಮ್ಮ ಬಸ್ಸಲ್ಲಿ ಓಡಾಡಿದೋರಲ್ಲ."

ಅಮೋಸ್ ಕೊನೆಯ ಸಲ ಹೊಡೆದ. ಉದ್ದದ್ದನ್ನು ಇನ್ನಷ್ಟು ಉದ್ದ ಎಳೆದ. ಬಿಳಿ ಬಳಿದ ಗಾಜುಗಳು ಹಾಗೆಯೇ ಇದ್ದವು.

ಡಿಪೋದಲ್ಲಿ ವರ್ನಾ ಯಾವ ಬಸ್ಸು ಎಲ್ಲಿದೆ ಎಂದು ತೋರಿಸುವ ಪರದೆಯ ಮುಂದೆ ಕೂತಿದ್ದಳು. "ಎಲ್ಲಿ ಹೋಗಿದ್ದೆ ಅಂತ ನಾನು ಕೇಳಲ್ಲ ಅಣ್ಣ," ಎಂದಳು. "ಕೇಳಿದೋರಿಗೆ ಈ ಹಾಳು ಪರದೆ ಕೆಟ್ಟಿತ್ತು ಅಂತೀನಿ."

ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಕೊನೆಯ ಮಗು ಇಳಿಯಿತು. ಖಾಲಿ ಬಸ್ಸು ಕಡಲೆಕಾಯಿ ಹೊಲಗಳ ನಡುವಿನ ದಾರಿಯಲ್ಲಿ ಹೊರಟಿತು. ಬಸ್ಸು ಓಡುವಾಗ ಫೋನು ಮುಟ್ಟಬಾರದು. ಅದು ಮುಂದಿನ ಡಬ್ಬಿಯಲ್ಲಿ, ಕೈಬಟ್ಟೆಯ ಮೇಲಿತ್ತು. ಪಾಳು ಬಿದ್ದ ಹತ್ತಿ ಗಿರಣಿ ದಾಟುವಷ್ಟರಲ್ಲಿ ಡಬ್ಬಿ ಗಡಗಡ ನಡುಗಿತು.

ಅಮೋಸ್ ಬ್ರೇಕ್ ಒತ್ತಿ ಬಸ್ಸನ್ನು ನಿಲ್ಲಿಸಿದ. ನಿಂತ ಕೂಡಲೇ ಬಲಗೈ ಅಷ್ಟು ವರ್ಷಗಳ ಅಭ್ಯಾಸದಂತೆ ತಾನಾಗಿ ಬಾಗಿಲಿನ ಗುಂಡಿಗೆ ಹೋಯಿತು. ಬಾಗಿಲು ಉಸ್ಸೆಂದು ತೆರೆಯಿತು, ಮೇಲಿನ ಕೆಂಪು ದೀಪಗಳು ಮಿನುಗತೊಡಗಿದವು, ಮಕ್ಕಳು ಇಳಿಯುವಾಗ ಎರಡೂ ಕಡೆಯ ಗಾಡಿಗಳನ್ನು ತಡೆಯುವ 'ನಿಲ್ಲಿ' ಎಂಬ ಕೆಂಪು ಫಲಕ ಪಕ್ಕದಿಂದ ಹೊರಕ್ಕೆ ಚಾಚಿಕೊಂಡಿತು. ಹಿಂದೆ ಬರುತ್ತಿದ್ದ ಕಡಲೆಕಾಯಿ ಲಾರಿ ನಿಂತಿತು. ಎದುರಿನಿಂದ ಬರುತ್ತಿದ್ದ ಚರ್ಚಿನ ವ್ಯಾನು ನಿಂತಿತು. ಅವನಿಗೆ ಅದಾವುದೂ ತಿಳಿಯಲಿಲ್ಲ.

"ಹಲೋ," ಎಂದಳು ಮೆಷಿನ್ ಹೆಂಗಸು, ಅದೇ ರಾಗದಲ್ಲಿ. "ಇದೊಂದು ಉಚಿತ ಕರೆ..."

ಹೆಬ್ಬೆರಳು ತಾನಾಗಿ ಕೆಂಪು ಗುಂಡಿಯ ಕಡೆ ಚಲಿಸಿತು. ಅಮೋಸ್ ಫೋನನ್ನು ಎಡಗೈಗೆ ಬದಲಾಯಿಸಿ, ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತ.

"...ಕೌಂಟಿ ಜೈಲಿನಲ್ಲಿರುವ," ಎಂದು ಆ ದನಿ ನಿಂತಿತು. ಕರೆ ಮಾಡಿದವರು ಹೆಸರು ಹೇಳಲೆಂದು ಅಲ್ಲೊಂದು ತೆರಪು. ಮೂರು ಸೆಕೆಂಡು ಇರಬಹುದು. ಆ ತೆರಪಿನಲ್ಲಿ ಹಿಂದೆ ಯಾರೋ ಹೆಂಗಸರು ಜಗಳಾಡುವ ಸದ್ದು, ಕಬ್ಬಿಣದ ಬಾಗಿಲಿನ ಸದ್ದು, ಮತ್ತು ಏದುಸಿರಿನಲ್ಲಿ, ಮಾತುಗಳು ಒಂದರ ಮೇಲೊಂದು ಬಿದ್ದು, ಟವಾನಾಳ ದನಿ:

"ಅಪ್ಪಾ ಕೇಳಿಸ್ತು ತಲೆ ಬಾಚ್ಕೊಂಡೆ..."

ತೆರಪು ಮುಚ್ಚಿತು. "ಈ ಕರೆಯನ್ನು ಸ್ವೀಕರಿಸಲು," ಎಂದಳು ಮೆಷಿನ್ ಹೆಂಗಸು, "ಒಂದನ್ನು ಒತ್ತಿ."

ಅಮೋಸ್ ತೊಡೆಯ ಕೆಳಗಿನಿಂದ ಕೈ ತೆಗೆದು ಒತ್ತಿದ. ಆ ಕಡೆಯಿಂದ ಅವಳ ಉಸಿರು ಕೇಳಿಸಿತು.

ಹೊರಗೆ ದಾರಿಯ ಎರಡೂ ಕಡೆ ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು. ಯಾರೂ ಹಾರನ್ ಹೊಡೆಯಲಿಲ್ಲ. ಕೆಂಪು ದೀಪಗಳು ಮಿನುಗುತ್ತಿದ್ದವು, ಬಾಗಿಲು ತೆರೆದೇ ಇತ್ತು. ಯಾವುದೋ ಮಗು ಮೆಟ್ಟಿಲಿಳಿದು ದಾರಿ ದಾಟಲೆಂದು ಲಾರಿಯವನೂ ಚರ್ಚಿನವರೂ ಆ ಬಾಗಿಲನ್ನೇ ನೋಡುತ್ತಾ ಕಾದಿದ್ದರು.