ಊರು: ನಮ್ಮೂರು

ಪಿತೃಪಕ್ಷದಲ್ಲಿ ನಮ್ಮ ಮನೆಯ ಹಿರಿಯರಿಗೆಲ್ಲ ನಡುಮನೆಯಲ್ಲಿ ಎಡೆ. ಲಕ್ಕಮ್ಮನಿಗೆ ಮಾತ್ರ ಹಿತ್ತಲಲ್ಲಿ, ನೀರಿನ ಸಂಪಿನ ಪಕ್ಕ. ಬಾವಿಗೆ ಬಿದ್ದು ಸತ್ತವಳಿಗೆ ಒಳಗೆ ಎಲೆ ಹಾಕುವಂತಿಲ್ಲ ಅನ್ನುವುದು ನನ್ನ ಮಾವ ದೊಡ್ಡಹನುಮಯ್ಯನವರ ಕಟ್ಟಳೆ.

ಲಕ್ಕಮ್ಮ ಅವರ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡ ಸತ್ತು ಹೆಗ್ಗನಹಳ್ಳಿಯ ಈ ತವರಿಗೆ ಬಂದಿದ್ದವಳು, ಒಂದು ದಿನ ಕಾಣೆಯಾದಳಂತೆ. ಹೆಣ ಸಿಗಲಿಲ್ಲ. ಆದರೂ ಬಾವಿಯೇ ಇರಬೇಕೆಂದು ಊರು ತೀರ್ಮಾನಿಸಿತು. ಹೆಣ್ಣೊಬ್ಬಳು ಬಾವಿಗಿಂತ ದೂರ ಹೋಗಿರಬಹುದು ಎಂದು ಆಗ ಯಾರಿಗೂ ಹೊಳೆಯಲಿಲ್ಲವೇನೋ. ಅವಳ ತಮ್ಮ, ಅಂದರೆ ಮಾವನ ಅಪ್ಪ, ಸಾಯುವವರೆಗೂ ಬೇರೆಯದನ್ನೇ ಹೇಳುತ್ತಿದ್ದರಂತೆ: "ಅಕ್ಕ ಮದ್ರಾಸಲ್ಲಿ ಹಡಗು ಹತ್ತಿದ್ಳು, ಕಬ್ಬಿನ ಗದ್ದೆ ಕೆಲಸಕ್ಕೆ." ಮಾವ ನಂಬಲಿಲ್ಲ. ಮಾವನ ತಂಗಿ ಹನುಮಕ್ಕತ್ತೆ ನಂಬಿದ್ದರು.

ಹನುಮಕ್ಕತ್ತೆಯೂ ಗಂಡ ಹೋದ ಮೇಲೆ ಇಲ್ಲಿಗೆ ಬಂದು, ಇದೇ ಮನೆಯಲ್ಲಿ ಮುದುಕಿಯಾದವರು. ಮದುವೆಯಾಗಿ ಬಂದಾಗಿನಿಂದ ಲಕ್ಕಮ್ಮನ ಎಲೆಯನ್ನು ಹೊರಗೆ ಒಯ್ಯುವವಳು ನಾನು. ಪ್ರತಿ ಸಲವೂ ಅವರು ಕೇಳುತ್ತಿದ್ದರು, "ನಾಳೆ ನಂಗೆಲ್ಲಿ ಇಡ್ತೀಯೇ ಯಶೋದಾ? ಸಂಪಿನ ಪಕ್ಕಾನೋ, ಸ್ಕೂಟರ್ ಪಕ್ಕಾನೋ?" ನಗುತ್ತಲೇ ಕೇಳುತ್ತಿದ್ದರು. ಕೇಳಿ ಉತ್ತರಕ್ಕೆ ಕಾಯುತ್ತಿದ್ದರು.

೨೦೦೭ರ ಪಿತೃಪಕ್ಷಕ್ಕೆ ಮುಂಚೆ, ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ರಮ್ಯ ಬಸವೇಶ್ವರನಗರದ ಬ್ರೌಸಿಂಗ್ ಸೆಂಟರಿನಿಂದ ಒಂದು ಹಾಳೆ ತಂದಳು. ಮದ್ರಾಸಿನಿಂದ ದಕ್ಷಿಣ ಆಫ್ರಿಕಾಕ್ಕೆ ಕೂಲಿಗೆ ಹೋದವರು ಹಡಗಿಳಿದಾಗ ಬರೆದುಕೊಂಡ ಹೆಸರು, ತಂದೆ, ಊರು ಎಲ್ಲ ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತವಂತೆ. ಹೆಗ್ಗನಹಳ್ಳಿಯವರು ಅಂತ ಯಾರೂ ಸಿಕ್ಕಿರಲಿಲ್ಲ. ನಮ್ಮದೇ ಬೆಂಗಳೂರು ಜಿಲ್ಲೆಯ ಲಕ್ಕಮ್ಮ, ತಂದೆ ಅಂಜಿನಯ್ಯ, ಅಂತ ಒಬ್ಬಳು ಸಿಕ್ಕಿದ್ದಳು. ನಮ್ಮ ಲಕ್ಕಮ್ಮನ ತಂದೆಯ ಹೆಸರೂ ಅದೇ.

"ಆದ್ರೆ ಊರು ಬೇರೆ ಅಜ್ಜಿ," ಅಂದಳು ರಮ್ಯ. "ನಮ್ಮುರ್ ಅಂತಿದೆ. ಮ್ಯಾಪಲ್ಲೆಲ್ಲ ಹುಡುಕ್ದೆ, ಆ ಹೆಸರಿನ ಊರೇ ಇಲ್ಲ."

ಬೆಳ್ಳುಳ್ಳಿ ಬಿಡಿಸುತ್ತಿದ್ದ ಹನುಮಕ್ಕತ್ತೆ ತಲೆಯೆತ್ತಿದರು. "ಇನ್ನೊಂದ್ಸಲ ಓದು."

"ನಮ್ಮುರ್."

"ಲೇ ಪೆದ್ದಿ, ಅದು ನಮ್ಮೂರು ಕಣೇ! ಯಾವೂರಮ್ಮ ನಿಂದು ಅಂತ ಕೇಳಿದಾನೆ. ನಮ್ಮೂರಾ ಸ್ವಾಮಿ, ಅಂತ ಇವಳು ಶುರು ಮಾಡಿದಾಳೆ. ಅಷ್ಟಕ್ಕೇ ಬರ್ಕೊಂಡು ಮುಂದಿನೋಳನ್ನ ಕರ್ದಿದಾನೆ, ಮುಂಡೇದು!"

ರಮ್ಯ ಬಿದ್ದುಬಿದ್ದು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ನಮ್ಮೂರು ಅಂದಾಗ ನನ್ನ ಕಣ್ಣೆದುರು ಬರುವುದು ಮಾಗಡಿಯಾಚೆಯ ನನ್ನ ತವರು. ಕಡಲು ದಾಟಿ ಗುರುತಿಲ್ಲದ ಗುಮಾಸ್ತನ ಮುಂದೆ ನಿಂತವಳಿಗೆ, ಊರಿಗೆ ಇನ್ನೊಂದು ಹೆಸರಿದೆಯೆಂದು ನೆನಪಾಗುವುದೇ ಕಷ್ಟವಿತ್ತೇನೋ.

ಅಲ್ಲೇ ಕೂತು ದಿನಪತ್ರಿಕೆ ಓದುತ್ತಿದ್ದ ಮಾವ ಅದನ್ನು ಮಡಚಿಟ್ಟರು. "ಅಂಜಿನಯ್ಯ ಅನ್ನೋರು ಊರಿಗೆ ಹತ್ತು ಜನ. ಇವಳೇ ಅವಳು ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ ತಾತ," ಎಂದು ರಮ್ಯ ಒಪ್ಪಿಕೊಂಡಳು.

"ಬಾವಿಗೆ ಬಿದ್ಳು ಅನ್ನೋಕೆ ಏನು ಗ್ಯಾರಂಟಿ ಇತ್ತು ಮಾವ?"

ಕೇಳಿದವಳು ನಾನು. ಅವರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು.

ಮಾವ ಹಾಳೆಗೆ ಕೈ ಚಾಚಿದರು. ಅವರಿಗೆ ಇಂಗ್ಲಿಷ್ ಬಾರದು. "ನಮ್ಮೂರು ಅಂತ ಎಲ್ಲಿದೆ, ತೋರ್ಸು," ಅಂದರು. ರಮ್ಯ ಬೆರಳಿಟ್ಟಳು. ಅದನ್ನೇ ಬಹಳ ಹೊತ್ತು ನೋಡಿದರು.

"ಯಾರಾದ್ರೂ ಆಗ್ಲಿ," ಅಂದರು ಕೊನೆಗೆ. "ಅಷ್ಟು ದೂರ ಹೋಗಿ ನಮ್ಮೂರು ಅಂತ ಬರ್ಸಿದೋಳು ನಮ್ಮೋಳೇ ಬಿಡು."

ಆ ಅಮಾವಾಸ್ಯೆಗೆ ನಾನು ಹಿತ್ತಲ ಬಾಗಿಲು ತೆಗೆಯಲಿಲ್ಲ. ನಡುಮನೆಯಲ್ಲಿ ತಮ್ಮ ಅಪ್ಪನ ಎಲೆಯನ್ನು ಸ್ವಲ್ಪ ಸರಿಸಿ, ಪಕ್ಕದಲ್ಲಿ ಲಕ್ಕಮ್ಮನ ಎಲೆ ಹಾಕಿ, ಹನುಮಕ್ಕತ್ತೆ ತಾವೇ ಬಡಿಸಿದರು.

"ಪಾಯಸ ಕಮ್ಮಿ ಹಾಕೇ," ಅಂದರು ಮಾವ. "ಕಬ್ಬಿನ ಗದ್ದೇಲಿ ದುಡಿದೋಳು, ಸಿಹಿ ಕಂಡ್ರೆ ಆಗ್ದೇ ಇರಬಹುದು."

"ಕಬ್ಬು ಕಡಿದೋಳಿಗೆ ಪಾಯಸ ಯಾವನು ಕೊಟ್ಟಿದ್ದ? ನೀನು ಸುಮ್ನಿರಣ್ಣ," ಎಂದು ಅತ್ತೆ ಇನ್ನೊಂದು ಸೌಟು ಸುರಿದರು.