ಮಗಳು ಹುಟ್ಟಿದ ವರ್ಷದ ಬಾಟಲಿ

ಹತ್ತಿರಹತ್ತಿರ ಇಪ್ಪತ್ತು ವರ್ಷ ಮಂಚದ ಕೆಳಗೆ ಕಂಬಳಿ ಸುತ್ತಿಕೊಂಡು ಮಲಗಿದ್ದ ಬಾಟಲಿಯನ್ನು ನಾಲಿಗಮ್ಮ ಗುರುವಾರವೇ ಎಬ್ಬಿಸಿ ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದಳು. ಹಳೆಯ ಕೆಂಪು ವೈನಿನಲ್ಲಿ ಗಸಿ ಕಟ್ಟಿರುತ್ತದೆ. ಅದು ತಳಕ್ಕಿಳಿಯಲು ಸಮಯ ಬೇಕು. ಅಂದಿನಿಂದ ಆ ಕಟ್ಟೆಯ ಮೇಲೆ ಅವಳು ಒಂದು ಪಾತ್ರೆಯನ್ನೂ ಸದ್ದಾಗುವಂತೆ ಇಟ್ಟಿರಲಿಲ್ಲ. ಮಲಗಿದ ಮಗುವಿನ ಪಕ್ಕದಲ್ಲಿ ಓಡಾಡುವವರ ಹಾಗೆ ಓಡಾಡಿದ್ದಳು. ನಿಜವಾದ ಮಗುವಿನ ಪಕ್ಕ ಹಾಗೆ ಓಡಾಡುವ ಭಾಗ್ಯ ಅವಳಿಗೆ ಹೆಚ್ಚು ದಿನ ಸಿಕ್ಕಿರಲಿಲ್ಲ.

ನಾಲಿಗಮ್ಮ ಎಂಬುದು ಕೆಲಸದ ಜಾಗದಲ್ಲಿ ಇಟ್ಟ ಹೆಸರು. ಹೊರದೇಶದ ವೈನ್ ತರಿಸಿ ಮಾರುವ ಕಂಪನಿಯಲ್ಲಿ ಅವಳದು ರುಚಿ ನೋಡುವ ಕೆಲಸ. ಬಂದ ಸರಕಿನಿಂದ ಒಂದೊಂದು ಬಾಟಲಿ ತೆಗೆದು, ಬಿಳಿ ಮೇಜಿನ ಮುಂದೆ ನಿಂತು, ಮೂಸಿ, ಬಾಯಲ್ಲಿ ಹೊರಳಾಡಿಸಿ, ಪಕ್ಕದ ತೊಟ್ಟಿಗೆ ಉಗುಳಿ, ಇದು ಸರಿ ಇದೆ, ಇದು ಕೆಟ್ಟಿದೆ ಎಂದು ಹೇಳಬೇಕು. ನುಂಗುವಂತಿಲ್ಲ. ನುಂಗುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆಯೂ ಇಲ್ಲ, ಅಮ್ಮನೂ ಇಲ್ಲ ಎಂದು ಗೋದಾಮಿನವರು ನಗುತ್ತಿದ್ದರು.

ಗಂಡ ಎನ್ನಿಸಿಕೊಂಡವನು ಮಗುವಿಗೆ ಹಲ್ಲು ಮೂಡುವ ಮೊದಲೇ ಕಾಲ್ತೆಗೆದಾಗ ಅವಳು ಅದೇ ಕಂಪನಿಗೆ ಗಾಜಿನ ಲೋಟ ತೊಳೆಯಲು ಸೇರಿದ್ದಳು. ಮಗುವನ್ನು ಅಕ್ಕನ ಮನೆಯಲ್ಲಿ ಬಿಟ್ಟಳು. ಒಂದು ವರ್ಷದ ಮಟ್ಟಿಗೆ ಎಂದಿದ್ದಳು. ಆ ಒಂದು ವರ್ಷ ರಬ್ಬರಿನಂತೆ ಎಳೆದೂ ಎಳೆದೂ ಮಗಳ ಓದು ಮುಗಿಯುವವರೆಗೆ ಬಂತು. ಅಕ್ಕನ ಮಕ್ಕಳು ಕರೆಯುವುದನ್ನು ಕೇಳಿಕೇಳಿ ಮಗಳು ದೊಡ್ಡಮ್ಮನನ್ನು ಅಮ್ಮ ಎಂದಳು, ಹೆತ್ತವಳನ್ನು ಚಿಕ್ಕಮ್ಮ ಎಂದಳು. ತಿದ್ದಬೇಕಾದವಳು ವಾರಕ್ಕೊಮ್ಮೆ ಬಂದು ಹೋಗುವವಳು. ಇರುವ ಒಂದು ಹೊತ್ತಿನಲ್ಲಿ ತಕರಾರು ಯಾಕೆ ಎಂದು ಸುಮ್ಮನಾದಳು. ಹೆತ್ತವಳು ಯಾರೆಂದು ತಿಳಿದ ಮೇಲೂ ಮಗಳ ಬಾಯಲ್ಲಿ ಅದೇ ಉಳಿಯಿತು.

ಈಗ ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಮನೆಯಿಂದ ಕೆಲಸಕ್ಕೆ ದೂರವೆಂದು ರೂಮು ಹುಡುಕುತ್ತಿದ್ದಾಳೆ ಎಂಬ ಸುದ್ದಿ ಅಕ್ಕನಿಂದಲೇ ಬಂದಿತ್ತು. ನಾಲಿಗಮ್ಮನ ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಸಣ್ಣ ಕೋಣೆಯಲ್ಲಿ ತುಂಬಿದ್ದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಹೊರಹಾಕಿ, ಗೋಡೆಗೆ ಬಣ್ಣ ಹೊಡೆಸಿ, ಹೊಸ ಹಾಸಿಗೆ ತಂದು ಹಾಕಿದಳು. ಇನ್ನು ಕೇಳುವುದೊಂದೇ ಬಾಕಿ. ಬರಿಗೈಯಲ್ಲಿ ಕೇಳಲು ಬಾಯಿ ಬರಲಿಲ್ಲ. “ಫ್ರಾನ್ಸಿನದೊಂದು ಬಾಟ್ಲಿ ಇದೆ, ನೀನು ಹುಟ್ಟಿದ ವರ್ಷದ ದ್ರಾಕ್ಷಿ. ನೀನಿಲ್ದೆ ತೆಗೆಯೋದು ಹೇಗೆ? ಬಾ” ಎಂದು ಫೋನು ಮಾಡಿದ್ದಳು.

ಭಾನುವಾರ ಸಂಜೆ ಮಗಳು ಬಂದಳು. ಅವಳಿಗಿಂತ ಮೊದಲು ಅವಳ ಸೆಂಟು ಬಂತು. ನಾಲಿಗಮ್ಮ ಹೋಗಿ ಕಿಟಕಿಗಳನ್ನು ತೆರೆದಳು.

“ಸೆಂಟ್ ಜಾಸ್ತಿ ಆಯ್ತಾ ಚಿಕ್ಕಮ್ಮ?”

“ಅಯ್ಯೋ ಇಲ್ಲ ಕಣೇ, ಸೆಖೆ.”

“ಈ ಚಳೀಲಿ ಸೆಖೆ! ಸರಿ, ನಾನು ಆ ಕಡೆ ಕೂತ್ಕೋತೀನಿ ಬಿಡಿ.”

ಮೇಜಿನ ಮೇಲೆ ಬೇಯಿಸಿದ ಕೋಳಿ ಇತ್ತು, ಬ್ರೆಡ್ಡಿತ್ತು. ಮಗಳು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು. “ಯಾರಿಗೆ ಹುಷಾರಿಲ್ಲ?”

“ಖಾರ ಹಾಕಿದ್ರೆ ವೈನು ಸತ್ತೋಗುತ್ತೆ.”

“ಹಾಕ್ದಿದ್ರೆ ಕೋಳಿ ಎರಡನೇ ಸಲ ಸಾಯುತ್ತಲ್ಲ!”

ಇಬ್ಬರೂ ನಕ್ಕರು. ನಾಲಿಗಮ್ಮನ ಎದೆ ಹಗುರಾಯಿತು. ಬಾಟಲಿಯ ಬಿರಡೆ ನೆನೆದು ಮೆತ್ತಗಾಗಿತ್ತು. ಎರಡು ತುಂಡಾಗಿ ಬಂದರೂ ಒಳಗೆ ಬೀಳಲಿಲ್ಲ. ಬಾಟಲಿಯ ಕತ್ತಿನ ಕೆಳಗೆ ಮೊಬೈಲಿನ ಬೆಳಕು ಹಿಡಿಯಲು ಮಗಳಿಗೆ ಹೇಳಿ, ಉಸಿರು ಬಿಗಿಹಿಡಿದು, ಗಾಜಿನ ಹೂಜಿಗೆ ಎಳೆ ಎಳೆಯಾಗಿ ಬಗ್ಗಿಸಿದಳು.

“ಕ್ಲಚ್ ಬಿಟ್ಟ ಹಾಗೆ ಬಿಡ್ತಿದೀರಿ. ನಮ್ಮ ಹುಡುಗರಿಗೆ ಇದನ್ನ ತೋರಿಸ್ಬೇಕು.”

“ಮಾತಾಡಿಸ್ಬೇಡ ಕಣೇ, ನಗು ಬಂದ್ರೆ ಕೆಟ್ಟೆ.”

ಗಸಿಯ ಕಪ್ಪು ದಾರ ಬಾಟಲಿಯ ಭುಜದ ಹತ್ತಿರ ಬಂದ ತಕ್ಷಣ ಕೈ ನಿಂತಿತು. ಹೂಜಿಯಲ್ಲಿದ್ದ ವೈನು ತಿಳಿಯಾಗಿತ್ತು. ಎರಡು ಲೋಟಗಳಿಗೆ ಹಾಕಿ ಮಗಳ ಮುಂದೆ ಒಂದನ್ನಿಟ್ಟು, ತನ್ನದನ್ನು ಓರೆ ಮಾಡಿ ನೋಡಿದಳು. ನಡುವೆ ಇನ್ನೂ ಕೆಂಪಿತ್ತು, ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮೂಗಿಗೆ ಹಿಡಿದರೆ ಮೊದಲು ಒಣಗಿದ ಎಲೆ, ಆಮೇಲೆ ಹಳೆಯ ಚರ್ಮದ ಚೀಲ, ಅದರ ಹಿಂದೆ ಅಣಬೆ, ತೀರ ಹಿಂದೆ, ಬಾಗಿಲಾಚೆ ಯಾರೋ ನಿಂತ ಹಾಗೆ, ಒಣ ಅಂಜೂರದ ಸಿಹಿ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡಳು. ಒಗರೆಲ್ಲ ಕರಗಿ ರೇಷ್ಮೆಯಾಗಿತ್ತು. ಬಾಯಲ್ಲಿ ಹೊರಳಾಡಿಸಿದಳು. ಕೆನ್ನೆಯ ಒಳಗೆ, ನಾಲಿಗೆಯ ಬುಡಕ್ಕೆ, ಸ್ವಲ್ಪ ಗಾಳಿ ಎಳೆದು.

ಆಮೇಲೆ ತಿರುಗಿ, ಎರಡು ಹೆಜ್ಜೆ ಇಟ್ಟು, ಸಿಂಕಿಗೆ ಉಗುಳಿದಳು.

ನಲ್ಲಿ ಬಿಟ್ಟು ತೊಳೆದದ್ದೂ ಆಯಿತು. ಕೈ ಒರೆಸಿಕೊಂಡು ತಿರುಗಿದಾಗಲೇ ತಾನೇನು ಮಾಡಿದೆನೆಂದು ಗೊತ್ತಾದದ್ದು. ಮಗಳು ಲೋಟವನ್ನು ತುಟಿಯ ಹತ್ತಿರ ಹಿಡಿದು ಹಾಗೇ ನೋಡುತ್ತಿದ್ದಳು.

“ಅಷ್ಟು ಕೆಟ್ಟದಾಗಿದೆಯಾ?”

“ಇಲ್ಲಮ್ಮ! ಅಭ್ಯಾಸ. ಹಾಳು ಅಭ್ಯಾಸ. ದಿನಾ ಉಗುಳಿ ಉಗುಳಿ...”

“ಇಷ್ಟು ವರ್ಷ ಇಟ್ಕೊಂಡು.” ಮಗಳು ನಗಲು ನೋಡಿದಳು. “ಹೋಗ್ಲಿ, ಹೇಗಿದೆ?”

ಚೆನ್ನಾಗಿದೆ ಎಂದರೆ ಮುಗಿಯುತ್ತಿತ್ತು. ಆದರೆ ಹೇಗಿದೆ ಎಂದು ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಯೇ ಅವಳ ಜೀವ ಸವೆದಿತ್ತು. “ಇಳಿಮುಖ. ಐದಾರು ವರ್ಷದ ಹಿಂದೆ ತೆಗೀಬೇಕಿತ್ತು. ಈಗ ಹಣ್ಣಿನ ರುಚಿ ಹೋಗಿದೆ, ಬರೀ ನೆನಪಿದೆ. ಅರ್ಧ ಗಂಟೆ ಇರುತ್ತೆ, ಆಮೇಲೆ ಹುಳಿ” ಎಂದು ಬಾಯಿ ತಾನಾಗಿ ಒಪ್ಪಿಸಿಬಿಟ್ಟಿತು.

ಮಗಳು ಕುಡಿದಳು. ನುಂಗಿದಳು. “ನಂಗೇನೋ ಚೆನ್ನಾಗೇ ಇದೆ” ಎಂದಳು.

ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗಲಾರದೆಂದು ನಾಲಿಗಮ್ಮ ಆತುರ ಮಾಡಿದಳು. ಸಣ್ಣ ಕೋಣೆಯ ಬಾಗಿಲು ತೆರೆದು ದೀಪ ಹಾಕಿ, “ನೀನು ರೂಮು ಹುಡುಕ್ತಿದೀಯಂತೆ. ಇದು ಖಾಲಿ ಬಿದ್ದಿದೆ. ಬಂದ್ಬಿಡು” ಎಂದಳು.

ಮಗಳು ಬಾಗಿಲವರೆಗೆ ಬಂದು ಹೊಸ ಹಾಸಿಗೆಯನ್ನು ನೋಡಿದಳು. ಒಳಗೆ ಕಾಲಿಡಲಿಲ್ಲ.

“ಇಲ್ಲಿರೋಕಾಗುತ್ತಾ ನೋಡೋಣ ಅಂತಾನೇ ಬಂದೆ ಚಿಕ್ಕಮ್ಮ. ಅಮ್ಮನೂ ಹೋಗು ಅಂದ್ಲು. ಆಗಲ್ಲ ಅನ್ಸುತ್ತೆ. ನನ್ನ ಜೊತೆ ಕಲಿಸೋವ್ಳ ರೂಮಲ್ಲಿ ಒಂದು ಮಂಚ ಇದೆ, ಅಲ್ಲಿಗೇ ಹೋಗ್ತೀನಿ.”

“ಉಗುಳಿದ್ದಕ್ಕಾ?”

“ಅಯ್ಯೋ, ಅದಕ್ಕಲ್ಲ. ನಿಮ್ಮ ಮನೇಲಿ ಯಾವ ವಾಸನೇನೂ ಇಲ್ಲ. ಸೋಪಿಲ್ಲ, ಒಗ್ಗರಣೆ ಇಲ್ಲ, ತಲೆಗೆ ಎಣ್ಣೆ ಇಲ್ಲ. ಇಲ್ಲಿ ಬಂದ್ರೆ ನಾನೇ ಒಂದು ವಾಸನೆ ಆಗ್ಬಿಡ್ತೀನಿ.”

“ಏನು ಬೇಕಾದ್ರೂ ಹಚ್ಕೋ. ಏನು ಬೇಕಾದ್ರೂ ಕರಿ, ಹುರಿ. ನಾನೇನು ಬೇಡ ಅಂದೆನಾ?”

“ಆಮೇಲೆ ನಿಮ್ಮ ಮೂಗು? ಕೆಲಸ?”

ಹೋದರೆ ಹೋಗಲಿ ಎಂಬ ಮಾತು ನಾಲಿಗಮ್ಮನ ತುದಿನಾಲಿಗೆಗೆ ಬಂತು. ಬರಲು ಒಂದು ಉಸಿರಿನಷ್ಟು ತಡವಾಯಿತು. ಅಷ್ಟರಲ್ಲಿ ಮಗಳ ಫೋನು ಬಡಿದುಕೊಂಡಿತು. “ಹೂಂ ಅಮ್ಮ, ಹೊರಟೆ. ನೀನು ಕಾಯ್ಬೇಡ, ಊಟ ಮಾಡು. ಏ, ಮಾಡೇ ಅಂದ್ರೆ!” ನಾಲಿಗಮ್ಮನಿಗೆ ಅವಳು ಮೊದಲಿನಿಂದಲೂ ‘ನೀವು’ ಎಂದವಳು, ಹೀಗೆ ಗದರಿದ್ದೇ ಇಲ್ಲ.

ಫೋನಿಟ್ಟು ಮಗಳು ಹೂಜಿಯ ಕಡೆ ಕೈ ತೋರಿಸಿದಳು. “ಅಮ್ಮಂಗೂ ಸ್ವಲ್ಪ ತಗೊಂಡು ಹೋಗ್ಲಾ? ನಾನು ಹುಟ್ಟಿದ ವರ್ಷದ್ದು ಅಂದ್ರೆ ಕುಣೀತಾಳೆ.”

ಆ ವೈನು ಬಸ್ಸಿನ ಕುಲುಕಾಟ ತಡೆಯುವಂಥದ್ದಲ್ಲ. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಅದರಲ್ಲಿ ಏನೂ ಉಳಿದಿರುವುದಿಲ್ಲ. ನಾಲಿಗಮ್ಮ ಅದನ್ನು ಹೇಳಲಿಲ್ಲ. ಕೆಲಸಕ್ಕೆಂದು ಮನೆಯಲ್ಲಿಟ್ಟಿದ್ದ ಸಣ್ಣ ಬಾಟಲಿಯೊಂದನ್ನು ತೊಳೆದು, ತಲೆಕೆಳಗು ಮಾಡಿ ಹನಿ ಹನಿಯೂ ಇಳಿಸಿ, ಹೂಜಿಯಲ್ಲಿದ್ದದ್ದನ್ನೆಲ್ಲ ತುಂಬಿದಳು. ಕತ್ತಿನ ಹತ್ತಿರ ಎರಡು ಬೆರಳು ಜಾಗ ಉಳಿಯಿತು. ಅಲ್ಲಿ ಗಾಳಿ ನಿಂತರೆ ದಾರಿಯಲ್ಲೇ ವೈನಿನ ಕಥೆ ಮುಗಿಯುತ್ತದೆ. ಬಾಟಲಿ ಬಾಯಿಮಟ್ಟ ಆಗಬೇಕು. ಮೇಜಿನ ಮೇಲಿದ್ದ ತನ್ನ ಲೋಟವನ್ನು ತೆಗೆದು ಬಗ್ಗಿಸಿದಳು. ಸರಿಹೋಯಿತು.

“ನಿಮಗೆ?”

“ನಂದು ರುಚಿ ನೋಡಿ ಆಯ್ತಲ್ಲ.” ಮುಚ್ಚಳ ಬಿಗಿದು ಬಟ್ಟೆ ಸುತ್ತಿ ಕೊಟ್ಟಳು. “ಅಲ್ಲಾಡಿಸ್ಬೇಡ. ನೆಟ್ಟಗೆ ಹಿಡ್ಕೋ.”

ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತಿತ್ತು. ಮಗಳು ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ದೀಪದ ಕಂಬದ ಕೆಳಗೆ ನಿಂತಿದ್ದಳು. ಬಸ್ಸು ಬಂತು. ಜನ ಬಾಗಿಲಲ್ಲೇ ನೇತಾಡುತ್ತಿದ್ದರು. ಮಗಳು ಬಾಟಲಿಯನ್ನೊಮ್ಮೆ, ಬಸ್ಸನ್ನೊಮ್ಮೆ ನೋಡಿ, ಹತ್ತದೆ ಹಿಂದೆ ಸರಿದಳು. ಇನ್ನೊಂದು ಬಸ್ಸು ಬಂತು. ಅದೂ ತುಂಬಿತ್ತು. ಅದನ್ನೂ ಬಿಟ್ಟಳು.

ಹತ್ತೇ ಹುಡುಗಿ, ಕುಲುಕಿದರೆ ಕುಲುಕಲಿ, ಹೊತ್ತಾದಷ್ಟೂ ಕೆಡುತ್ತೆ ಅದು ಎಂದು ಕೂಗಿ ಹೇಳಬೇಕೆನಿಸಿತು ನಾಲಿಗಮ್ಮನಿಗೆ. ಕೂಗಲಿಲ್ಲ. ಮೂರನೆಯ ಬಸ್ಸೂ ತುಂಬಿಯೇ ಬರಲಿ ಎಂದುಕೊಂಡು ಅಲ್ಲೇ ನಿಂತಳು.