ಯಾರನ್ನು ಅಳಿಸಬೇಕು?

ನನ್ನ ಭಾವನಷ್ಟು ಜಂಬದ ಮನುಷ್ಯ ಇನ್ನೊಬ್ಬನಿಲ್ಲ. ಅಕ್ಕನ ಗಂಡ ಅಂತ ಸಹಿಸಿಕೊಂಡಿದ್ದೆ, ಅಷ್ಟೇ. ನಾನು ಗುಮಾಸ್ತೆಯಾಗಿರುವ ಕಣ್ಣಾಸ್ಪತ್ರೆಯ ಕಂಪ್ಯೂಟರಿಗೆ ಪಟ್ಟಿಯ ಪ್ರೋಗ್ರಾಂ ಬರೆದುಕೊಟ್ಟವನು ಅವನೇ. ದಾನದ ಕಣ್ಣಿಗಾಗಿ ಕಾಯುವವರ ಪಟ್ಟಿ ಅದು. ಆಪರೇಷನ್ ಆದವರನ್ನು, ತೀರಿಕೊಂಡವರನ್ನು ಅದರಿಂದ ತೆಗೆಯುವುದು ನಮ್ಮ ಕೆಲಸ. ಪ್ರತಿ ಸಾಲಿನ ಕೊನೆಗೆ ಒಂದು ಕೆಂಪು ಗುಂಡಿ. ಒತ್ತಿದರೆ ಸಾಲು ಮಾಯ, ಮತ್ತೆ ಸಿಗುವ ಮಾತೇ ಇಲ್ಲ.

ಅಳಿಸುವ ಮುಂಚೆ ಒಂದು ಮಾತು ಕೇಳುವ ಹಾಗೆ ಮಾಡಿ ಎಂದು ಮೂರು ತಿಂಗಳು ಬೆನ್ನು ಬಿದ್ದೆ. ಕೊನೆಗೆ ಮೂಗು ಮುರಿಯುತ್ತಲೇ ಸೇರಿಸಿದ: 'ಅಳಿಸಬೇಕೇ? ಹೌದು. ಇಲ್ಲ.' ಯಾರನ್ನು ಅಂತ ಇಲ್ಲ. ಹೆಸರನ್ನೂ ತೋರಿಸಿ ಎಂದರೆ ಎಲ್ಲರೆದುರೇ ನಕ್ಕ.

"ಕಣ್ಣಾಸ್ಪತ್ರೇಲಿ ಕೂತಿದ್ದೀಯ. ಮೊದಲು ನಿನ್ನ ಕಣ್ಣು ತೋರಿಸ್ಕೋ."

ಮೈ ಉರಿದುಹೋಯಿತು. ಮತ್ತೆ ಆ ಮಾತೆತ್ತಲಿಲ್ಲ. ಅದೇ ಪ್ರಶ್ನೆ ನೋಡಿ ನೋಡಿ ಬೆರಳು ತಾನಾಗಿಯೇ 'ಹೌದು' ಒತ್ತುವುದನ್ನು ಕಲಿತುಬಿಟ್ಟಿತು.

ಭಾವನ ತಾಯಿಯೂ ಅದೇ ಪಟ್ಟಿಯಲ್ಲಿದ್ದರು. ನಾನು ಅವರನ್ನು ಅತ್ತೆ ಅಂತಲೇ ಕರೆಯುತ್ತೇನೆ. ಒಂದು ಕಣ್ಣು ಹೋಗಿಯೇ ಬಿಟ್ಟಿತ್ತು. ಇನ್ನೊಂದಕ್ಕೆ ಈ ತಿಂಗಳೊಳಗೆ ಹೊಸದು ಹಾಕದಿದ್ದರೆ ಅದರ ಆಸೆಯನ್ನೂ ಬಿಡಬೇಕು ಎಂದಿದ್ದರು ಡಾಕ್ಟರು. ಎರಡು ವರ್ಷ ಕಾದು ಮೂರನೇ ಸಾಲಿಗೆ ಬಂದಿದ್ದರು.

ಅವತ್ತು ಎರಡನೇ ಸಾಲಿನ ಮುದುಕ ತೀರಿಕೊಂಡ ಸುದ್ದಿ ಬಂತು. ಅವನ ಸಾಲಿನ ಗುಂಡಿಯತ್ತ ನಾನು ಬೆರಳು ಒಯ್ಯುವಷ್ಟರಲ್ಲಿ ಪಕ್ಕದ ಕೋಣೆಯವಳು ತನ್ನ ಕಂಪ್ಯೂಟರಿನಿಂದ, ಆಪರೇಷನ್ ಆಗಿದ್ದ ಮೊದಲನೆಯವರನ್ನು ಅಳಿಸಿದಳು. ಪಟ್ಟಿ ಒಂದು ಸಾಲು ಮೇಲೆ ಸರಿಯಿತು. ನಾನು ಗಮನಿಸಲಿಲ್ಲ. ಒತ್ತಿದೆ. ಅಳಿಸಬೇಕೇ? ಹೌದು.

ವಾರದ ನಂತರ ಒಂದು ಕಣ್ಣು ಬಂತು. ಪಟ್ಟಿಯ ಮೊದಲಿಗೆ ಸತ್ತ ಮುದುಕನೇ ಕೂತಿದ್ದ. ಫೋನ್ ಮಾಡಿದರೆ ಅವನ ಮಗ ಬಾಯಿಗೆ ಬಂದ ಹಾಗೆ ಬೈದ. ಮುಂದಿನ ಹೆಸರು ಯಾರೋ ಡ್ರೈವರಿನದು. ಕಣ್ಣು ಅವನಿಗೆ ಹೋಯಿತು. ಸತ್ತವನು ಹೇಗೆ ಉಳಿದ ಅಂತ ನೋಡು ಎಂದು ಮರುದಿನ ನನಗೆ ಹೇಳಿದರು. ನೋಡಿದೆ. ಅತ್ತೆಯ ಸಾಲು ಎಲ್ಲೂ ಇರಲಿಲ್ಲ.

ಅವರ ಹೆಸರನ್ನು ಮತ್ತೆ ಮೊದಲಿಗೆ ಬರೆದರು. ತಿಂಗಳು ಮುಗಿಯಿತು, ಇನ್ನೊಂದು ಕಣ್ಣು ಬರಲಿಲ್ಲ.

ಇನ್ನು ಹಾಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ದಿನ ಭಾವನ ಮನೆಗೆ ಹೋದೆ. ಹೊಸಿಲು ದಾಟುವ ಮೊದಲೇ ಪಾಪಿ ಎಂದ. ನಾನೂ ಬಿಡಲಿಲ್ಲ. ಹೆಸರೊಂದು ತೋರಿಸಿದ್ದರೆ ನನ್ನ ಬೆರಳು ಅಲ್ಲೇ ನಿಲ್ಲುತ್ತಿತ್ತು, ಅಮ್ಮನ ಕಣ್ಣು ತೆಗೆದದ್ದು ನಿಮ್ಮ ಜಂಬ ಎಂದೆ. ಓದದೆ ಒತ್ತುವವಳಿಗೆ ಹೆಸರು ತೋರಿಸಿ ಏನು ಭಾಗ್ಯ ಎಂದ. ಅದು ನಿಜವೇ ಇರಬಹುದು ಅನ್ನಿಸಿತು, ಅದಕ್ಕೇ ಇನ್ನೂ ಜೋರಾಗಿ ಕಿರುಚಿದೆ.

ಕುರ್ಚಿಯಲ್ಲಿದ್ದ ಅತ್ತೆ ಗೋಡೆ ಹಿಡಿದು ಎದ್ದರು.

"ಯಾರ ತಪ್ಪು ಅಂತ ಆಮೇಲೆ ತೀರ್ಮಾನ ಮಾಡ್ಕೊಳ್ಳಿ. ಈಗ ನನ್ನ ಬಚ್ಚಲಿಗೆ ಕರ್ಕೊಂಡು ಹೋಗೋರು ಯಾರು?"

ನಾನು ಓಡಿಹೋಗಿ ಕೈ ಹಿಡಿದೆ. ಎರಡು ಹೆಜ್ಜೆ ಬಂದು ನಿಂತರು.

"ಇದು ಯಾರ ಕೈ?"

"ನಂದು, ಅತ್ತೆ."

ಮೆಲ್ಲಗೆ ಬಿಡಿಸಿಕೊಂಡರು. ಭಾವ ಮುಂದೆ ಬಂದ. ಅವನ ಕೈಯನ್ನೂ ಹಿಡಿಯಲಿಲ್ಲ. ಗೋಡೆ ತಡವುತ್ತಾ ಒಬ್ಬರೇ ಹೋದರು. ಬಚ್ಚಲೆಂದುಕೊಂಡು ಮೊದಲು ಬೀರುವಿನ ಬಾಗಿಲು ತೆಗೆದರು.